ಪೇರ್ ಎಂದರೆ ಎಂತ?

2002ರ ಆಟಿ ತಿಂಗಳು. ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ಪಕ್ಕದವರ ಮಾತೂ ಕೇಳದಂಥ ಮಧ್ಯಾಹ್ನ. ಬಿ.ಎಡ್.ನ ಕನ್ನಡ ಬೋಧನಾ ವಿಧಾನದ ಮೊದಲ ತರಗತಿಗೆ ಬಂದ ಮಾಸ್ಟ್ರು ಹಾಜರಿ ಕರೆಯಲಿಲ್ಲ, ಯಾರ ಪರಿಚಯವನ್ನೂ ಕೇಳಲಿಲ್ಲ. ನೀರಿಳಿಯುತ್ತಿದ್ದ ಕೊಡೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಕಪ್ಪುಹಲಗೆಯ ನಟ್ಟನಡುವೆ ದೊಡ್ಡದಾಗಿ 'ಪೇರ್' ಎಂದು ಬರೆದು ನಮ್ಮತ್ತ ತಿರುಗಿದರು.

"ಇದರ ಅರ್ಥ ಎಂತ?"

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯವನು, ತುಳು ಮನೆಯವನು. ಎದ್ದು ನಿಂತು "ಹಾಲು" ಎಂದೆ. ಕೂತುಕೊಳ್ಳುವ ಮೊದಲೇ ಹಿಂದಿನ ಬೆಂಚಿನಿಂದ ಚೆರ್ಕಳದ ಸಹಪಾಠಿ "ಅಲ್ಲ ಸರ್, ಹೆಸರು" ಎಂದಳು. ಅವಳ ಮನೆಮಾತು ಮಲಯಾಳ. ತರಗತಿ ಎರಡು ಪಾಲಾಯಿತು. ಬದಿಯಡ್ಕದ ಹವ್ಯಕ ಗೆಳೆಯನೂ ಕುಂಬಳೆಯ ಕೊಂಕಣಿ ಹುಡುಗಿಯೂ ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ಸುಮ್ಮನೆ ಕೂತರು.

"ಇಬ್ಬರದ್ದೂ ಸರಿ" ಎಂದರು ಮಾಸ್ಟ್ರು. "ನಾಳೆ ನೀವು ಪಾಠಕ್ಕೆ ನಿಲ್ಲುವಾಗ ಈ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಯಾರದ್ದು ತಪ್ಪು ಅಂತ ಹೇಳ್ತೀರಿ, ನೋಡುವ."

ಆಮೇಲೆ ಹಳಗನ್ನಡಕ್ಕೆ ಹೋದರು. ಪಾಲ್, ಪೆಸರ್, ಪೂ. ನಮ್ಮ ಕನ್ನಡ ಈ ಪಕಾರಗಳನ್ನೆಲ್ಲ ಹಕಾರ ಮಾಡಿಕೊಂಡಿತು, ಹಾಲು, ಹೆಸರು, ಹೂ ಆಯಿತು. ಮಲಯಾಳದಲ್ಲಿ ಹಾಲು ಇವತ್ತಿಗೂ ಪಾಲ್. ತುಳುವಿನಲ್ಲಿ ಹೂ ಇವತ್ತಿಗೂ ಪೂ. "ಬೆಂಗಳೂರಿನ ಹುಡುಗ ನಿಘಂಟು ನೋಡಿ ಕಲಿಯಬೇಕಾದ ಪಂಪನ ಕಾಲದ ಶಬ್ದ ಇಲ್ಲಿಯ ಮಗು ಅಮ್ಮನ ಬಾಯಿಂದ ಕಲಿತು ಬಂದಿದೆ. ಅದನ್ನು ನೀವು ತಪ್ಪು ಉಚ್ಚಾರ ಅಂತ ತಿದ್ದಬೇಡಿ." ಒಂದು ವರ್ಷದ ಬಿ.ಎಡ್. ತರಬೇತಿಯಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಒಂದು ಗಂಟೆಯಲ್ಲಿ ಕಲಿತದ್ದು.

ಉಳಿದದ್ದು? ಹರ್ಬಾರ್ಟನ ಪಂಚ ಸೋಪಾನ, ಬ್ಲೂಮನ ಉದ್ದೇಶಗಳ ವರ್ಗೀಕರಣ ಎಂದು ಬಾಯಿಪಾಠ ಮಾಡಿದ್ದು ನೆನಪಿದೆ, ಒಳಗಿದ್ದದ್ದು ಮರೆತಿದೆ. ಸೂಕ್ಷ್ಮ ಬೋಧನೆ ಮಾತ್ರ ಮರೆತಿಲ್ಲ. 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷದಲ್ಲಿ ತಿದ್ದಿ ಬರೆದು ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ವಿಮರ್ಶೆ. ಒಟ್ಟು 36 ನಿಮಿಷ. ನಮ್ಮಲ್ಲೇ ಕೆಲವರು ಎಂಟನೇ ಕ್ಲಾಸಿನ ಮಕ್ಕಳಾಗಿ ಕೂರಬೇಕಿತ್ತು. ಗೆಳೆಯರು ಎಷ್ಟು ಚೆನ್ನಾಗಿ ಮಕ್ಕಳಾಗುತ್ತಿದ್ದರೆಂದರೆ, ಆ 6 ನಿಮಿಷದಲ್ಲಿ ಒಬ್ಬ ನೀರು ಕುಡಿಯಲು ಹೋಗುತ್ತಿದ್ದ, ಒಬ್ಬಳು ಪೆನ್ಸಿಲ್ ಕದ್ದರೆಂದು ಅಳುತ್ತಿದ್ದಳು.

ಮನಃಶಾಸ್ತ್ರದ ಟೀಚರನ್ನೂ ಇಲ್ಲಿ ನೆನೆಯಲೇಬೇಕು. ಅವರು ಕಣ್ಣೂರಿನ ಕಡೆಯವರು. ಬಂದಾಗ ಕನ್ನಡದ ಒಂದಕ್ಷರ ಬಾರದು. ಕನ್ನಡದಲ್ಲಿ ಬರೆದ ನಮ್ಮ ಅಸೈನ್‌ಮೆಂಟುಗಳನ್ನು ಬೇರೆಯವರ ಕೈಯಲ್ಲಿ ಓದಿಸುವುದು ಸರಿಯಲ್ಲ ಎಂದು ವರ್ಷದೊಳಗೆ ತಾವೇ ಅಕ್ಷರ ಕಲಿತರು. ಪ್ರತಿ ಪುಟದ ಕೆಳಗೆ ಗುಂಡಗೆ 'ನೋಡಿದೆ' ಎಂದು ಬರೆಯುತ್ತಿದ್ದರು. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ.

ಇನ್ನು ಗಂಟೆಯ ಕಥೆ.

ಬೋಧನಾಭ್ಯಾಸಕ್ಕೆ ನಮ್ಮ ಐದು ಮಂದಿಯ ಗುಂಪಿಗೆ ಸಿಕ್ಕಿದ್ದು ಮುಳ್ಳೇರಿಯ ಕಡೆಯ ಒಂದು ಹೈಸ್ಕೂಲು. ಕಾಸರಗೋಡಿನ ಹಳೆ ಬಸ್‌ಸ್ಟೇಂಡಿನಿಂದ ಬೆಳಗ್ಗಿನ ಬಸ್ಸು, ಕೈಯಲ್ಲಿ ಸುರುಳಿ ಸುತ್ತಿದ ಚಾರ್ಟು, ಚೀಲದಲ್ಲಿ ಪಾಠಯೋಜನೆಯ ದಪ್ಪ ರೆಕಾರ್ಡು. ರಾತ್ರಿ ಹನ್ನೆರಡರವರೆಗೆ ಕೂತು ಬರೆದ ಪಾಠ ತರಗತಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು. ಉಳಿದ ಹೊತ್ತು ನಾನು ಮಕ್ಕಳ ಮುಖ ನೋಡುವುದು, ಮಕ್ಕಳು ನನ್ನ ಮುಖ ನೋಡುವುದು. ಹಿಂದಿನ ಬೆಂಚಿನಲ್ಲಿ ಮಾಸ್ಟ್ರು ವೀಕ್ಷಣೆಗೆ ಕೂತರಂತೂ ಪಾಠ ಇನ್ನೂ ಬೇಗ ಓಡುತ್ತಿತ್ತು.

ಅದಕ್ಕೆ ನಾನೂ ಬದಿಯಡ್ಕದ ಗೆಳೆಯನೂ ಒಂದು ಉಪಾಯ ಹೂಡಿದೆವು. ಆ ಶಾಲೆಯ ಗಂಟೆ ಎಂದರೆ ವರಾಂಡದಲ್ಲಿ ಹಗ್ಗಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡು. ನಾನು ಡಸ್ಟರನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿದೊಡನೆ ಗೆಳೆಯ ಪ್ಯೂನಣ್ಣನ ಬಳಿ ಹೋಗಿ "ಹೆಡ್ಮಾಸ್ಟ್ರು ಗಂಟೆ ಹೊಡೆಯಲು ಹೇಳಿದರು" ಎನ್ನಬೇಕು. ಅಂದು ಹಾಗೆಯೇ ಆಯಿತು. ಎಂಟು ನಿಮಿಷ ಮೊದಲೇ ಗಂಟೆ ಹೊಡೆಯಿತು, ಇಡೀ ಶಾಲೆ ಎದ್ದಿತು. ಒಂಬತ್ತನೇ ಕ್ಲಾಸಿನ ಗಣಿತದ ಟೀಚರು ಅರ್ಧ ಲೆಕ್ಕ ಬಿಟ್ಟು ಹೊರಗೆ ಬಂದರು. ಮಾಸ್ಟ್ರು ಕೈಗಡಿಯಾರ ನೋಡಿದರು, ನನ್ನನ್ನು ನೋಡಿದರು, ರೆಕಾರ್ಡಿನಲ್ಲಿ ಏನನ್ನೂ ಬರೆಯದೆ ಮುಚ್ಚಿಟ್ಟರು.

ಸಂಜೆ ಬಸ್ಸಿಗೆ ಕಾಯುವಾಗ ಹತ್ತಿರ ಕರೆದರು. "ಗಂಟೆ ಹೊಡೆಸಿದ್ದು ನೀನು ಅಂತ ಗೊತ್ತಾಯಿತು ಮಾರಾಯ. ನನಗೆ ಮಾರ್ಕು ಕಳೆಯಲಿಕ್ಕೆ ಎಷ್ಟು ಹೊತ್ತು? ಆದರೆ ಆ ಎಂಟು ನಿಮಿಷ ನಿನ್ನದೂ ಅಲ್ಲ, ನನ್ನದೂ ಅಲ್ಲ, ಮಕ್ಕಳದ್ದು. ನಾಳೆ ವಾಪಸು ಕೊಡಬೇಕು." ಮರುದಿನ ಮೊದಲು ಪ್ಯೂನಣ್ಣನ ಮುಂದೆ ನಮ್ಮಿಬ್ಬರಿಂದ ತಪ್ಪೊಪ್ಪಿಗೆ ಹೇಳಿಸಿದರು. ಹೆಡ್ಮಾಸ್ಟ್ರ ಒಪ್ಪಿಗೆ ಪಡೆದು, ಮಧ್ಯಾಹ್ನದ ಬಿಡುವಿನ ಕೊನೆಯಲ್ಲಿ ನನ್ನದೇ ಎಂಟನೇ ಕ್ಲಾಸಿಗೆ ಬಂದರು. ಈ ಸಲ ಹಿಂದಿನ ಬೆಂಚಿನಲ್ಲಿ ಕೂತದ್ದು ನಾನು.

ಬರುವಾಗ ಪಕ್ಕದ ತೋಟದಲ್ಲಿ ಬಿದ್ದಿದ್ದ ಒಂದು ಅಡಕೆ ಹಾಳೆಯನ್ನು ಹೆಕ್ಕಿಕೊಂಡು ಬಂದಿದ್ದರು. ಮೇಜಿನ ಮೇಲಿಟ್ಟು "ಇದಕ್ಕೆ ನಿಮ್ಮ ಮನೆಯಲ್ಲಿ ಎಂತ ಹೇಳ್ತಾರೆ?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ಹಾಳೆ, ಪಾಳೆ, ಹಾಳೆ, ಪಾಳೆ. ನನ್ನ ಪಕ್ಕದಲ್ಲಿದ್ದ ಹುಡುಗನ ಸರದಿ ಬಂತು. ಮೂರು ವಾರದಲ್ಲಿ ಅವನು ನನ್ನ ಪಾಠದಲ್ಲಿ ಬಾಯಿ ತೆರೆದದ್ದಿಲ್ಲ. ಅವನ ಹೆಸರಿನ ಮುಂದೆ ನಾನು 'ಪ್ರತಿಕ್ರಿಯೆ ಇಲ್ಲ' ಎಂದು ಬರೆದಿಟ್ಟಿದ್ದೆ. ಅವನು ಮೆಲ್ಲಗೆ "ಪಾಳ" ಎಂದ. "ಅದರಲ್ಲಿ ಎಂತ ಮಾಡ್ತಾರೆ?" ಎಂದು ಕೇಳಿದ್ದೇ ತಡ, ಅಜ್ಜ ಅದನ್ನು ಮಡಚಿ ಹೊಲಿದು ಬಾವಿಯಿಂದ ನೀರು ಸೇದುತ್ತಿದ್ದುದನ್ನು ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ, ಎರಡೂ ಕೈ ಆಡಿಸುತ್ತ ಹೇಳತೊಡಗಿದ. ಮಾಸ್ಟ್ರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಅವನ ಕೈಗೆ ಸೀಮೆಸುಣ್ಣ ಕೊಟ್ಟು 'ಪಾಳ' ಎಂದು ಬರೆಸಿ, ಅದರ ಕೆಳಗೆ 'ಹಾಳೆ' ಎಂದು ತಾವು ಬರೆದರು. ಪಾಠಪುಸ್ತಕದ ಒಂದು ಪುಟ ಎತ್ತಿ ಹಿಡಿದು "ಇದೂ ಹಾಳೆಯೇ" ಎಂದರು. ಹುಡುಗ ತನ್ನ ಪುಸ್ತಕದ ಪುಟವನ್ನು ಬೆರಳಲ್ಲಿ ಸವರಿ ನೋಡಿದ. ಆಗ ಗಂಟೆ ಹೊಡೆಯಿತು, ಸರಿಯಾದ ಹೊತ್ತಿಗೆ.

ಬಸ್ಸಿನಲ್ಲಿ ನಾನು ರೆಕಾರ್ಡು ತೆರೆದು 'ಪ್ರತಿಕ್ರಿಯೆ ಇಲ್ಲ' ಎಂಬುದನ್ನು ಹೊಡೆದುಹಾಕಿದೆ.

ಪಿ.ಎಸ್.ಸಿ. ಪಟ್ಟಿಯಲ್ಲಿ ನನ್ನ ಹೆಸರು ಬಂದು ಹೈಸ್ಕೂಲಿನ ಕನ್ನಡ ಅಧ್ಯಾಪಕನಾದಾಗ ಮೊದಲು ಓಡಿದ್ದು ಮಾಸ್ಟ್ರ ಮನೆಗೆ. ಅಂದಿನಿಂದ ಹೊಸ ತಂಡಕ್ಕೆ ಮೊದಲ ದಿನ ನಾನು ಪಾಠ ಮಾಡಿದ್ದಿಲ್ಲ, ಹಲಗೆಯ ಮೇಲೆ 'ಪೇರ್' ಎಂದು ಬರೆಯುತ್ತೇನೆ. ನನ್ನ ಮಕ್ಕಳು ಕಲೋತ್ಸವದ ಕನ್ನಡ ಪದ್ಯ ಕಂಠಪಾಠದಲ್ಲಿ, ಭಾಷಣದಲ್ಲಿ ಬಹುಮಾನ ತಂದಿದ್ದಾರೆ. ರಜೆಯ ತರಬೇತಿಗಳಲ್ಲಿ ನನ್ನನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆಯುತ್ತಾರೆ, ಎಳೆಯ ಅಧ್ಯಾಪಕರು "ಸರ್, ನಿಮ್ಮ ಆ ಪೇರ್ ಪಾಠ ಒಮ್ಮೆ ಮಾಡಿ" ಎನ್ನುತ್ತಾರೆ. ಇದು ನನ್ನ ಮಾಸ್ಟ್ರದ್ದು ಎಂದು ಹೇಳಿಯೇ ಮಾಡುತ್ತೇನೆ. ಚೆನ್ನಾಗಿಯೇ ಮಾಡುತ್ತೇನೆ ಎಂಬ ನಂಬಿಕೆಯೂ ನನಗಿದೆ.

ಈಗ ಬಿ.ಎಡ್. ಎರಡು ವರ್ಷ. 2015ರಿಂದ ಹೀಗೆ. ಅವಧಿ ಇಮ್ಮಡಿಯಾದರೆ ಮಕ್ಕಳ ಮುಂದೆ ನಿಲ್ಲುವ ಹೊತ್ತು ಹೆಚ್ಚೀತು ಎಂದುಕೊಂಡಿದ್ದೆ. ನಮ್ಮ ಶಾಲೆಗೆ ಅಭ್ಯಾಸಕ್ಕೆ ಬರುವವರನ್ನು ನೋಡಿದರೆ ರೆಕಾರ್ಡುಗಳ ರಾಶಿ ಹೆಚ್ಚಿದಂತೆ ಕಾಣುತ್ತದೆ. ಪಾಠಯೋಜನೆ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಮತ್ತೆ ಕೆ-ಟೆಟ್ ಎಂಬ ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ, 150 ಪ್ರಶ್ನೆ, 150 ನಿಮಿಷ, ನಾಲ್ಕರಲ್ಲಿ ಒಂದು ಉತ್ತರ. 'ಪೇರ್' ಎಂಬ ಪ್ರಶ್ನೆಗೆ ಅಲ್ಲಿ ಎರಡು ಉತ್ತರ ಸರಿಯಾಗಲು ಸಾಧ್ಯವೇ ಇಲ್ಲ. ಇದಕ್ಕಿಂತ ದೊಡ್ಡ ನೋವು ಬೇರೆ ಇದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸಿದಾಗ ಈ ಜಿಲ್ಲೆಯ ಹೆತ್ತವರು ಮಕ್ಕಳನ್ನು ಕಟ್ಟಿಕೊಂಡು ಪ್ರತಿಭಟನೆಗೆ ಕೂರಬೇಕಾಯಿತು. ಆ ಅಧ್ಯಾಪಕರ ಮೇಲೆ ನನಗೆ ದ್ವೇಷವಿಲ್ಲ. ಕೂತು ಅಕ್ಷರ ಕಲಿತ ನಮ್ಮ ಟೀಚರನ್ನು ನೋಡಿದವನು ನಾನು. ಆದರೆ ಲೆಕ್ಕ ತಿಳಿಯದ ಮಗು ಯಾವ ಭಾಷೆಯಲ್ಲಿ ಸಂಶಯ ಕೇಳಬೇಕು ಎಂದು ಯೋಚಿಸದೆ ನೇಮಕ ಮಾಡುವುದು ಸರಿಯಲ್ಲ, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಈ ವರ್ಷ ಶಾಲೆ ತೆರೆದ ವಾರವೇ ಮಾಸ್ಟ್ರು ತೀರಿಕೊಂಡರು. ಅಂಗಳದಲ್ಲಿ ನಮ್ಮ ಬ್ಯಾಚಿನ ಹನ್ನೊಂದು ಮಂದಿ ಸೇರಿದ್ದೆವು. ಚೆರ್ಕಳದ ಗೆಳತಿ ಈಗ ಮುಖ್ಯೋಪಾಧ್ಯಾಯಿನಿ. ನನ್ನನ್ನು ಕಂಡವಳೇ "ಹಾಲಾ ಹೆಸರಾ?" ಎಂದು ಕೇಳಿ ಅತ್ತುಬಿಟ್ಟಳು.

ಮರುದಿನ ಎಂಟನೇ ಕ್ಲಾಸಿಗೆ ಹೋಗಿ ಎಂದಿನಂತೆ ಬರೆದೆ. ಎಂದಿನಂತೆ ಒಬ್ಬಳು ಹಾಲು ಎಂದಳು, ಒಬ್ಬ ಹೆಸರು ಎಂದ. ಕಿಟಕಿ ಬದಿಯಲ್ಲಿ ಹೊಸ ಹುಡುಗ ಕೂತಿದ್ದ. ಅಪ್ಪ ಅಮ್ಮ ವಿಜಯಪುರದ ಕಡೆಯಿಂದ ಇಲ್ಲಿಯ ಕೆಂಪುಕಲ್ಲಿನ ಕೋರೆಗೆ ಕೆಲಸಕ್ಕೆ ಬಂದವರು. ಕೈ ಎತ್ತಲೋ ಬೇಡವೋ ಎಂದು ಅನುಮಾನಿಸಿ ಎತ್ತಿದ.

"ಪೇರು ಅಂದ್ರ ಹಣ್ಣು ಅಲ್ರೀ ಸರ? ಒಳಗ ಬೀಜ ಇರ್ತಾವಲ್ರೀ?"

ನಮ್ಮ ಪೇರಳೆ! ಇಷ್ಟು ವರ್ಷ ಎರಡೇ ಅರ್ಥ ಬರೆದ ಹಲಗೆಯಲ್ಲಿ ಮೂರನೆಯದಕ್ಕೆ ಜಾಗ ಮಾಡಿ, ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆ.