ನಾಯಿ ಜೊತೆ ಬೆಟ್ಟ ಹತ್ತುವವರು ಚೈನು ಬಿಚ್ಚಬೇಡಿ

ಚಿಕ್ಕಮಗಳೂರು, ಸಕಲೇಶಪುರದ ಕಡೆ ನಾಯಿ ಕರೆದುಕೊಂಡು ಬರುವವರು ಮೊದಲು ಕೇಳುವುದು 'ಅಷ್ಟು ದೂರ ಹತ್ತುತ್ತದಾ?' ಅಂತ. ಹತ್ತುತ್ತದೆ. ಒಂದು ವರ್ಷ ದಾಟಿದ, ಮೈ ಬಿಟ್ಟಿಲ್ಲದ, ದಿನಾ ನಡೆದು ಅಭ್ಯಾಸವಿರುವ ನಾಯಿಗೆ ನಮ್ಮ ಬೆಟ್ಟಗಳ ಏರು ದೊಡ್ಡದಲ್ಲ. ಅದು ನಿಮ್ಮನ್ನು ಹಿಂದೆ ಬಿಟ್ಟು ಓಡುತ್ತದಲ್ಲ, ತೊಂದರೆ ಶುರುವಾಗುವುದು ಅಲ್ಲಿಂದ. ಆನೆ, ಉರುಳು, ಹಾವು, ಕರು ಹಾಕಿದ ಹಸು, ಮಂಜಿನಲ್ಲಿ ಕಾಣದ ಪ್ರಪಾತ ಎಲ್ಲವೂ ನಿಮಗಿಂತ ಮೊದಲು ಅದಕ್ಕೇ ಸಿಗುತ್ತವೆ.

ಎಲ್ಲಿಗೆ ಹೋಗಬಾರದು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಕುದುರೆಮುಖ, ಕುರಿಂಜಾಲು, ಗಂಗಡಿಕಲ್ಲು, ನೇತ್ರಾವತಿ ಶಿಖರಗಳೆಲ್ಲ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನವು. ಭದ್ರಾ ಹುಲಿ ಮೀಸಲು ಅರಣ್ಯವೂ ಅಷ್ಟೇ. ಅಲ್ಲಿಗೆ ನಾಯಿ ಬೇಡ. ಇದು ಗೇಟಿನಲ್ಲಿ ಕೂತ ಗಾರ್ಡಿನ ಹಟವಲ್ಲ. ಊರ ನಾಯಿಗಳಲ್ಲಿ ಮಾಮೂಲಿಯಾಗಿರುವ ಡಿಸ್ಟೆಂಪರ್ ವೈರಸ್ಸು ಕಾಡುಪ್ರಾಣಿಗಳಿಗೂ ಹತ್ತುತ್ತದೆ. 2018ರಲ್ಲಿ ಗಿರ್ ಕಾಡಿನಲ್ಲಿ ಸತ್ತ ಸಿಂಹಗಳಲ್ಲಿ ಸಿಕ್ಕಿದ್ದು ಅದೇ ವೈರಸ್ಸು. ದೀಪಾವಳಿ ಹೊತ್ತಿಗೆ ದೇವೀರಮ್ಮನ ಬೆಟ್ಟಕ್ಕೂ ಕರೆದೊಯ್ಯಬೇಡಿ. ಆ ಜನಜಂಗುಳಿಯಲ್ಲಿ ಮನುಷ್ಯರಿಗೇ ಕಾಲಿಡಲು ಜಾಗವಿರುವುದಿಲ್ಲ. ಉಳಿಯುವುದು ಗುರುತಿನವರ ಕಾಫಿ ತೋಟದ ರಸ್ತೆಗಳು, ಅಯ್ಯನಕೆರೆ ಏರಿಯಂಥ ಜಾಗಗಳು, ಊರಿನವರು ದನ ಮೇಯಿಸುವ ಹುಲ್ಲುಗುಡ್ಡಗಳು. ಅರಣ್ಯದ ಗಡಿ ಎಲ್ಲಿಂದ ಶುರು ಅಂತ ಊರಲ್ಲೇ ಕೇಳಿಕೊಂಡು ಹೊರಡಿ.

ಕಟ್ಟುವುದಕ್ಕೆ ಎರಡು ಮೀಟರಿನ, ಒಂದಿಂಚು ಅಗಲದ ನೈಲಾನ್ ಪಟ್ಟಿ ಸಾಕು. ಕಬ್ಬಿಣದ ಚೈನು ಭಾರ, ಒದ್ದೆಯಾದರೆ ಕೈ ಜಾರುತ್ತದೆ. ಗುಂಡಿ ಒತ್ತಿದರೆ ಸುರುಳಿ ಸುತ್ತಿಕೊಳ್ಳುವ ಸಪೂರ ದಾರದ್ದಂತೂ ಪೇಟೆಯ ಪಾರ್ಕಿಗೆ ಸರಿ. ಕಾಫಿ ಗಿಡದ ಬುಡಕ್ಕೆ ಒಂದು ಸುತ್ತು ಬಂದರೆ ದಾರ ಕಿತ್ತೇ ಹೋಗುತ್ತದೆ. ಕುತ್ತಿಗೆಯ ಬೆಲ್ಟಿಗೆ ಕಟ್ಟುವ ಬದಲು ಎದೆಗೆ ಹಾಕುವ, ಬೆನ್ನ ಮೇಲೆ ಹಿಡಿಯಿರುವ ಹಾರ್ನೆಸ್ ಕೊಳ್ಳಿ. ಬೇಲಿಯ ಉಣಗೋಲು (ಅಡ್ಡಗಳು ಹಾಕಿದ ದಾರಿ) ದಾಟಿಸುವಾಗ, ಬಂಡೆ ಇಳಿಸುವಾಗ ಆ ಹಿಡಿಯಲ್ಲೇ ಎತ್ತಬಹುದು. ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಜಾರು ಇಳಿಯಬೇಡಿ. ನಾಯಿ ಒಮ್ಮೆ ಜಗ್ಗಿದರೆ ನೀವೂ ಅದರ ಹಿಂದೆಯೇ.

ಹಾಸನದ ಸಕಲೇಶಪುರ, ಆಲೂರು, ಬೇಲೂರು, ಈಚೆಗೆ ಮೂಡಿಗೆರೆ, ಇಲ್ಲೆಲ್ಲ ಆನೆ ತೋಟದೊಳಗೇ ಇರುತ್ತದೆ. ಬಿಟ್ಟ ನಾಯಿ ಆನೆ ಕಂಡರೆ ಬೊಗಳಿಕೊಂಡು ಹೋಗುತ್ತದೆ, ಆನೆ ತಿರುಗಿದ ಕೂಡಲೇ ಯಜಮಾನನ ಹತ್ತಿರ ಓಡಿ ಬರುತ್ತದೆ. ಆನೆ ಅದರ ಬೆನ್ನಿಗೇ ಇರುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೋ ಲೈನ್ ಮನೆಯಲ್ಲಿರುವ ಕೆಲಸದವರನ್ನೋ 'ಅಣ್ಣ, ರಾತ್ರಿ ಯಾವ ಕಡೆ ಇದ್ವು?' ಅಂತ ಕೇಳಿದರೆ ಸಾಕು, ನಿಖರವಾಗಿ ಹೇಳುತ್ತಾರೆ. ಹಸಿ ಲದ್ದಿ, ಆಗಷ್ಟೇ ಮುರಿದ ಬೈನೆ ಮರ ಕಂಡರೆ ಬಂದ ದಾರಿಯಲ್ಲೇ ವಾಪಸ್. ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ, ಸಂಜೆ ಐದರ ನಂತರ ತೋಟದ ಒಳರಸ್ತೆ ಬೇಡ.

ಉರುಳಿನ ಬಗ್ಗೆ ಪೇಟೆಯಿಂದ ಬರುವವರಿಗೆ ಗೊತ್ತೇ ಇರುವುದಿಲ್ಲ. ಕಾಡುಹಂದಿ, ಮೊಲಕ್ಕಂತ ಬೇಲಿಯ ಸಂದಿಯಲ್ಲಿ, ಪ್ರಾಣಿ ನುಸುಳಿ ಸವೆದ ಜಾಡಿನಲ್ಲಿ ಬ್ರೇಕ್ ವೈರಿನ ಕುಣಿಕೆ ಕಟ್ಟಿರುತ್ತಾರೆ. ಕಾನೂನುಬಾಹಿರ, ಆದರೂ ಇರುತ್ತದೆ. ಆ ಎತ್ತರ ನಾಯಿಯ ತಲೆಗೂ ಸರಿಯಾಗಿ ಹೊಂದುತ್ತದೆ. ಸಿಕ್ಕಿಕೊಂಡ ನಾಯಿ ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದಷ್ಟೂ ಕುಣಿಕೆ ಬಿಗಿಯುತ್ತದೆ. ನೀವೂ ನಿಮ್ಮ ಕಡೆಗೆ ಎಳೆಯಬೇಡಿ. ಹಾರ್ನೆಸ್ ಹಿಡಿದು ನಾಯಿಯನ್ನು ವೈರು ಕಟ್ಟಿರುವ ಗೂಟದ ಕಡೆಗೆ ತಳ್ಳಿ. ವೈರು ಸಡಿಲವಾದ ಕೂಡಲೇ ಕುಣಿಕೆಯ ಗಂಟು ಹಿಂದಕ್ಕೆ ಸರಿಯುತ್ತದೆ, ಬೆರಳು ತೂರಿಸಿ ಬಿಡಿಸಬಹುದು. ಸರಿಯದಿದ್ದರೆ ಮೊದಲು ಗೂಟಕ್ಕೂ ಕುಣಿಕೆಗೂ ನಡುವೆ ಕತ್ತರಿಸಿ, ಆಮೇಲೆ ಕುಣಿಕೆ ಕತ್ತರಿಸಿ. ಅದಕ್ಕೇ ಬ್ಯಾಗಿನಲ್ಲಿ ಒಂದು ಕಟಿಂಗ್ ಪ್ಲೇಯರ್ ಇರಲೇಬೇಕು. ಚಾಕುವಿನಿಂದ ಬ್ರೇಕ್ ವೈರು ತುಂಡಾಗುವುದಿಲ್ಲ. ನೋವಿಗೆ ನಿಮ್ಮ ಸಾಕುನಾಯಿಯೂ ಕಚ್ಚುತ್ತದೆ. ಟವೆಲ್ಲಿನಿಂದ ತಲೆ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಉರುಳು ಹೊಟ್ಟೆಗೆ ಬಿದ್ದಿದ್ದರೆ, ಬಿಡಿಸಿದ ಮೇಲೆ ಬಾಲ ಅಲ್ಲಾಡಿಸಿಕೊಂಡು ನಡೆದರೂ ಡಾಕ್ಟರಿಗೆ ತೋರಿಸಿ. ಒತ್ತಿದ ಜಾಗದ ಮಾಂಸ ಒಳಗೇ ಸತ್ತು, ಕೆಲವು ದಿನ ಬಿಟ್ಟು ಬಿರಿಯುತ್ತದೆ.

ಐಬೆಕ್ಸ್ ಬೇಲಿ (ಬಿಟ್ಟು ಬಿಟ್ಟು ಶಾಕ್ ಕೊಡುವ ಸೋಲಾರ್ ಬೇಲಿ) ಮುಟ್ಟಿದ ನಾಯಿ ಶಾಕಿಗೆ ಸಾಯುವುದಿಲ್ಲ, ಆದರೆ ಗಾಬರಿಯಿಂದ ದಿಕ್ಕು ನೋಡದೆ ಓಡುತ್ತದೆ. ನೇರ ಲೈನಿನಿಂದ ಕರೆಂಟು ಕೊಟ್ಟ ಕಳ್ಳ ಬೇಲಿಯಾದರೆ ಸಾಯುತ್ತದೆ. ಎರಡಕ್ಕೂ ಮದ್ದು ಕೈಯಲ್ಲಿರುವ ಪಟ್ಟಿಯೇ.

ಇನ್ನು ಇಂಬಳ, ಅಂದರೆ ಜಿಗಣೆ. ಜೂನ್‌ನಿಂದ ಸೆಪ್ಟೆಂಬರ್ ದಾಟುವ ತನಕ, ಶೋಲಾ ಕಾಡಿನ ಅಂಚಿನಲ್ಲಿ, ತರಗೆಲೆಯಲ್ಲಿ ಇವು ಇಲ್ಲದ ಜಾಗವಿಲ್ಲ. ನಾಯಿಗೆ ಹತ್ತುವುದು ಬೆರಳ ಸಂದಿ, ತುಟಿಯ ಒಳಭಾಗ, ಕಿವಿ, ತೊಡೆಯ ಸಂದು, ಕಣ್ಣ ರೆಪ್ಪೆ. ನಮ್ಮ ಕಾಲಿಗೆ ಹಚ್ಚುವ ಹೊಗೆಸೊಪ್ಪು, ಸುಣ್ಣದ ಮದ್ದನ್ನು ನಾಯಿಗೆ ಹಚ್ಚಬೇಡಿ. ಅದು ನೆಕ್ಕುತ್ತದೆ, ಹೊಗೆಸೊಪ್ಪು ಅದಕ್ಕೆ ವಿಷ. ಇಂಬಳದ ಸಪೂರ ತುದಿಯೇ ಬಾಯಿ. ಅದರ ಬುಡಕ್ಕೆ ಉಗುರು ಒತ್ತಿ ಪಕ್ಕಕ್ಕೆ ಜಾರಿಸಿ, ಆಮೇಲೆ ದಪ್ಪ ತುದಿ ಬಿಡಿಸಿ. ರಕ್ತ ಕೂಡಲೇ ನಿಲ್ಲುವುದಿಲ್ಲ, ಯಾಕೆಂದರೆ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಒಳಗೆ ಬಿಟ್ಟಿರುತ್ತದೆ. ಹತ್ತಿ ಇಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುನಡುವೆ ಎತ್ತಿ ನೋಡಬೇಡಿ. ಒಂದೇ ಹೊಳ್ಳೆಯಲ್ಲಿ ರಕ್ತ, ಎಡೆಬಿಡದೆ ಸೀನು ಬಂದರೆ ಮೂಗಿನೊಳಗೆ ಹೊಕ್ಕಿದೆ ಎಂದರ್ಥ. ಚಿಮಟ ತೂರಿಸಲು ಹೋಗಬೇಡಿ. ಒಂದೆರಡು ಗಂಟೆ ನೀರು ಕೊಡದೆ ಇದ್ದು, ಆಮೇಲೆ ಅಗಲ ಬಟ್ಟಲಲ್ಲಿ ತಣ್ಣೀರು ಇಟ್ಟರೆ ತುದಿ ಹೊರಗೆ ಚಾಚುವುದುಂಟು, ಆಗ ಬಟ್ಟೆಯಲ್ಲಿ ಹಿಡಿಯಬಹುದು. ಮಾರನೆಯ ದಿನವೂ ರಕ್ತ ಬಂದರೆ ಆಸ್ಪತ್ರೆ. ಕಣ್ಣಿನೊಳಗಿದ್ದರೂ ಆಸ್ಪತ್ರೆಯೇ.

ಮಳೆ ನಿಂತರೆ ಇಂಬಳ ಕಮ್ಮಿ, ಉಣುಗು ಜಾಸ್ತಿ. ಡಿಸೆಂಬರ್‌ನಿಂದ ಮೇ ತನಕ ಕಾಡಂಚಿನ ಹುಲ್ಲಿನಲ್ಲಿ ಎಳ್ಳಿಗಿಂತ ಸಣ್ಣ ಮರಿ ಉಣುಗು ತುಂಬಿರುತ್ತವೆ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಹಬ್ಬುವ ಕಾಲವೂ ಅದೇ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಪತ್ತೆಯಾದ ಆ ರೋಗ ಕೊಪ್ಪ, ಎನ್.ಆರ್.ಪುರದ ಕಡೆಯೂ ಇದೆ. ಮಂಗ ಸತ್ತ ಸುದ್ದಿಯಿರುವ ಊರಿನ ಕಾಡಿಗೆ ಕಾಲಿಡಬೇಡಿ. ನಾಯಿ ಮೈಯಲ್ಲಿ ಉಣುಗನ್ನು ಮನೆಯೊಳಕ್ಕೆ ತರುತ್ತದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೀಪಾ ಎಣ್ಣೆ ನಿಮ್ಮ ಕೈಕಾಲಿಗೆ, ನಾಯಿಗಲ್ಲ. ನಾಯಿಗೆ ಬೇರೆ ಮಾತ್ರೆಗಳಿವೆ: ಅಫಾಕ್ಸೊಲೇನರ್ ತಿಂಗಳಿಗೊಮ್ಮೆ, ಫ್ಲುರಲೇನರ್ ಹನ್ನೆರಡು ವಾರಕ್ಕೊಮ್ಮೆ. ಫಿಟ್ಸ್ ಬರುವ ನಾಯಿಯಾದರೆ ಡಾಕ್ಟರನ್ನು ಕೇಳದೆ ಕೊಡಬಾರದು. ಕಚ್ಚಿದ ಉಣುಗನ್ನು ಸಪೂರ ಚಿಮಟದಲ್ಲಿ ಚರ್ಮಕ್ಕೆ ತಾಗುವಷ್ಟು ಬುಡದಲ್ಲಿ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಚಿವುಟಿ ಒಡೆಯುವ ಅಭ್ಯಾಸವನ್ನು ಇವತ್ತೇ ಬಿಡಿ.

ನೀರಿನ ಲೆಕ್ಕ ಸುಲಭ. ಮನೆಯಲ್ಲಿ ಸುಮ್ಮನಿದ್ದರೂ ನಾಯಿಗೆ ದಿನಕ್ಕೆ ಕಿಲೋಗೆ 50-60 ಮಿಲಿಲೀಟರ್ ಬೇಕು. 20 ಕಿಲೋ ನಾಯಿ ಜೊತೆ ಅರ್ಧ ದಿನಕ್ಕೆ ಹೊರಟರೆ ಅದರ ಪಾಲಿನದೇ ಒಂದೂವರೆ ಲೀಟರ್ ಹೊರಿ. ಹಳ್ಳದ ನೀರು ಸಿಗುತ್ತಲ್ಲ ಅನ್ನಬೇಡಿ. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಕೊಳೆನೀರು ಹಳ್ಳ ಸೇರಿರಬಹುದು, ಔಷಧಿ ಹೊಡೆಯುವಾಗ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಡ್ರಮ್ಮು ತೊಳೆದಿರಬಹುದು, ನಿಂತ ನೀರಿನಲ್ಲಿ ಇಲಿ ಜ್ವರದ ಭಯ ಬೇರೆ. ರೇಬಿಸ್ ಜೊತೆ ಇಲಿ ಜ್ವರದ ಲೆಪ್ಟೊ ಲಸಿಕೆಯೂ ವರ್ಷವರ್ಷ ಆಗಿರಲಿ.

ಮುಳ್ಳಯ್ಯನಗಿರಿ ಸಾಲಿನ ಹುಲ್ಲುಗುಡ್ಡದಲ್ಲಿ ಗಾಳಿ ತಣ್ಣಗಿದ್ದರೂ ನೆರಳಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಳಿಗ್ಗೆ ಹತ್ತರೊಳಗೆ ಇಳಿದಿರಬೇಕು. ಬಂಡೆಯ ಮೇಲೆ ಅಂಗೈಯ ಹಿಂಬದಿ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದವೂ ತಡೆಯುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಮೊಂಡು ಮೂಗಿನವನ್ನು ಬೆಟ್ಟಕ್ಕೆ ತರಲೇಬಾರದು. ಅಂಟಂಟು ಜೊಲ್ಲು, ಇಟ್ಟಿಗೆ ಕೆಂಪಿನ ಒಸಡು, ತೂರಾಡುವ ನಡಿಗೆ ಕಂಡರೆ ಅಲ್ಲೇ ಹೊಟ್ಟೆ, ತೊಡೆಸಂದಿಗೆ ಇರುವ ನೀರೆಲ್ಲ ಸುರಿಯಿರಿ, ಗಾಳಿ ಬೀಸಿ, ಆಮೇಲೆ ಜೀಪು ಹತ್ತಿಸಿ. ಒದ್ದೆ ಟವೆಲ್ ಹೊದಿಸಿದರೆ ಕಾವು ಒಳಗೇ ಉಳಿಯುತ್ತದೆ.

ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಎರಡೂ ಬೇಡ. ನಡೆಸದೆ ಪಂಚೆಯಲ್ಲಿ ಮಲಗಿಸಿ ಇಬ್ಬರು ಹೊತ್ತುಕೊಳ್ಳಿ. ಮುಖಕ್ಕೆ ಕಚ್ಚಿದ್ದರೆ ಬೆಲ್ಟು ಬಿಚ್ಚಿ, ಕುತ್ತಿಗೆ ಊದುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಫಿ ಗಿಡದಲ್ಲಿ ಸುತ್ತಿ ಕೂರುವ ಮಲಬಾರ್ ಪಿಟ್ ವೈಪರ್ ಅದರಲ್ಲಿಲ್ಲ. ಹೊರಡುವ ಮುಂಚೆಯೇ ತಾಲ್ಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿ ಪ್ರತಿವಿಷ ದಾಸ್ತಾನಿದೆಯಾ ಅಂತ ಕೇಳಿಟ್ಟುಕೊಳ್ಳಿ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962, ಆದರೆ ಗುಡ್ಡದ ಮೇಲೆ ನೆಟ್‌ವರ್ಕ್ ಸಿಗಬೇಕಲ್ಲ.

ಮನೆಗೆ ಬಂದ ಕೂಡಲೇ ತಟ್ಟೆ ಇಡಬೇಡಿ, ಏದುಸಿರು ಇಳಿದು ಅರ್ಧ ಗಂಟೆಯಾಗಲಿ. ಜರ್ಮನ್ ಶೆಫರ್ಡ್‌ನಂಥ ಆಳ ಎದೆಯ ನಾಯಿಗೆ ಹೊಟ್ಟೆ ತಿರುಚಿಕೊಳ್ಳುವ ಅಪಾಯವಿದೆ. ಅಷ್ಟರಲ್ಲಿ ಬೆರಳ ಸಂದಿ, ಕಿವಿ ನೋಡಿ, ಚುಚ್ಚಿಕೊಂಡ ಹುಲ್ಲಿನ ಬೀಜ ಕಿತ್ತುಬಿಡಿ. ಬಿಟ್ಟರೆ ಒಳಗೇ ನಡೆದು ಕೀವಾಗುತ್ತದೆ. ಮುಂದಿನ ಮೂರು ವಾರದಲ್ಲಿ ನಾಯಿ ಊಟ ಬಿಟ್ಟರೆ, ಒಸಡು ಬಿಳಿಚಿದರೆ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದರೆ ಉಣುಗಿನ ಜ್ವರವಿರಬಹುದು. ಬೆಟ್ಟಕ್ಕೆ ಹೋಗಿದ್ದ ತಾರೀಕು ಹೇಳಿ ರಕ್ತ ಪರೀಕ್ಷೆ ಮಾಡಿಸಿ.