ಆಷಾಢದ ಗಿರಾಕಿಗಳು

17 ಜುಲೈ 2025, ಗುರುವಾರ
ಶಿವಮೊಗ್ಗ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಆದರೂ ಕೆಟ್ಟ ಡಿಸ್ಕುಗಳಿಂದ ಫೈಲು ವಾಪಸ್ ತೆಗೆದುಕೊಡುವ ನನ್ನ ಅಂಗಡಿಗೆ ಜನ ಬರುತ್ತಾರೆ. ಆಷಾಢದಲ್ಲಿ ನನ್ನ ಹತ್ತಿರ ಬರುವವರಲ್ಲಿ ಮದುವೆ ಫೋಟೋಗ್ರಾಫರುಗಳೇ ಜಾಸ್ತಿ. ಸೀಸನ್‌ನಲ್ಲಿ ಊರೂರು ಸುತ್ತಿ ತೆಗೆದದ್ದನ್ನು ಈ ತಿಂಗಳು ಕೂತು ಆಲ್ಬಮ್ ಮಾಡುತ್ತಾರೆ. ಮೇ ತಿಂಗಳಲ್ಲಿ ತುಂಬಿಸಿಟ್ಟ ಡಿಸ್ಕ್ ಓಪನ್ ಆಗುತ್ತಿಲ್ಲ ಅಂತ ಗೊತ್ತಾಗುವುದೂ ಆಗಲೇ.

ಇವತ್ತು ಬಂದವನು ಭದ್ರಾವತಿ ಕಡೆಯ ಹುಡುಗ. ಎರಡು ಟಿಬಿಯ ಪೋರ್ಟಬಲ್ ಡಿಸ್ಕ್. ಕಾಪಿ ಆಗುತ್ತಿರುವಾಗಲೇ ಟೇಬಲ್‌ನಿಂದ ಕೆಳಗೆ ಬಿದ್ದಿದೆ.

"ಅಣ್ಣಾ, ಸೌಂಡ್ ಬರ್ತಿದೆ. ಅಂದ್ರೆ ಇನ್ನೂ ಜೀವ ಇದೆ ಅಲ್ವಾ?"

"ಎಂಥ ಸೌಂಡು?"

"ಟಕ್ ಟಕ್ ಅಂತ."

ಈ ಟಕ್ ಟಕ್ ಬಗ್ಗೆ ಎಷ್ಟು ಜನಕ್ಕೆ ಹೇಳಿದ್ದೇನೋ. ಡಿಸ್ಕಿನ ಒಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ಸುತ್ತುತ್ತದೆ, ಸೆಕೆಂಡಿಗೆ 90. ಓದುವ ಹೆಡ್ಡು ಆ ತಟ್ಟೆಯನ್ನು ಮುಟ್ಟುವುದೇ ಇಲ್ಲ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ನಮ್ಮ ತಲೆಗೂದಲು ಸುಮಾರು 70,000 ನ್ಯಾನೋಮೀಟರ್ ದಪ್ಪ, ಲೆಕ್ಕ ಹಾಕಿಕೊಳ್ಳಿ. ತಾನು ಎಲ್ಲಿದ್ದೇನೆ ಅಂತ ತಿಳಿಯಲು ಹೆಡ್ಡಿಗೆ ತಟ್ಟೆಯ ಮೇಲೆ ಬರೆದಿರುವ ಗುರುತುಗಳು ಬೇಕು. ಏಟು ತಿಂದ ಹೆಡ್ಡಿಗೆ ಆ ಗುರುತು ಸಿಗುವುದಿಲ್ಲ. ಹುಡುಕುತ್ತದೆ, ಸಿಗದೆ ವಾಪಸ್ ಹೋಗುತ್ತದೆ, ಮತ್ತೆ ಬರುತ್ತದೆ. ಟಕ್ ಅನ್ನುವುದು ಅದು ವಾಪಸ್ ಹೋಗುವ ಸದ್ದು. ಹೆಡ್ಡು ಬಾಗಿದ್ದರೆ ಪ್ರತಿ ಸುತ್ತಿನಲ್ಲೂ ತಟ್ಟೆಯನ್ನು ಕೆರೆಯುತ್ತಿರಬಹುದು. ಕೆರೆದು ಪುಡಿಯಾದ ಜಾಗದಲ್ಲಿದ್ದ ಫೋಟೋವನ್ನು ಯಾವ ಲ್ಯಾಬಿನವರೂ ವಾಪಸ್ ತರಲಾರರು.

"ಬಿದ್ದ ಮೇಲೆ ಎಲ್ಲೆಲ್ಲಿ ಹಾಕಿ ನೋಡಿದೆ?"

ಅವನ ಲ್ಯಾಪ್‌ಟಾಪ್. ಸ್ಟುಡಿಯೋದ ಕಂಪ್ಯೂಟರ್. ಗೆಳೆಯನ ಲ್ಯಾಪ್‌ಟಾಪ್. ಕೊನೆಗೆ ಮನೆಯ ಟಿವಿ! ಟಿವಿಯಲ್ಲಾದರೂ ಬರಬಹುದೇನೋ ಅಂತ. ಆಮೇಲೆ ಯಾವುದೋ ವಿಡಿಯೋ ನೋಡಿ ಚೆಕ್‌ಡಿಸ್ಕ್ ಕಮಾಂಡ್ ಕೊಡಲು ಹೊರಟಿದ್ದನಂತೆ. ಪುಣ್ಯಕ್ಕೆ ಕಂಪ್ಯೂಟರಿನಲ್ಲಿ ಆ ಡಿಸ್ಕಿಗೆ ಡ್ರೈವ್ ಲೆಟರ್ರೇ ಬರಲಿಲ್ಲ, ಕಮಾಂಡ್ ಕೊಡಲಾಗಲಿಲ್ಲ. ಚೆಕ್‌ಡಿಸ್ಕ್ ಫೈಲ್ ಸಿಸ್ಟಮ್ ಸರಿ ಮಾಡುವ ನೆಪದಲ್ಲಿ ಅದೇ ಡಿಸ್ಕಿಗೆ ಬರೆಯುತ್ತದೆ. ಕೆಟ್ಟ ಹೆಡ್ಡಿನಿಂದ ಅರ್ಧಂಬರ್ಧ ಓದಿ, ಆ ತಿಳುವಳಿಕೆಯ ಮೇಲೆ ಬರೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸೋರುವ ಕೊಡದಲ್ಲಿ ನೀರು ಉಳಿದಿದೆಯಾ ಅಂತ ಪದೇ ಪದೇ ಅಲ್ಲಾಡಿಸಿ ನೋಡಿದ ಹಾಗೆ ಇದು. ನನ್ನ ಅನುಭವದಲ್ಲಿ ಬಿದ್ದು ಹಾಳಾದ ಡೇಟಾಗಿಂತ ಬಿದ್ದ ಮೇಲೆ ಹಾಳಾದದ್ದೇ ಜಾಸ್ತಿ. ಸಾಯುತ್ತಿರುವ ಡಿಸ್ಕಿಗೆ ಇನ್ನೆಷ್ಟು ಗಂಟೆ ಆಯಸ್ಸು ಇದೆಯೋ ಯಾರಿಗೂ ಗೊತ್ತಿಲ್ಲ. ಇರುವಷ್ಟನ್ನು ಕಾಪಿ ತೆಗೆಯುವುದಕ್ಕೆ ಖರ್ಚು ಮಾಡಬೇಕು. ಬದುಕಿದೆಯಾ ಅಂತ ವಿಚಾರಿಸುವುದಕ್ಕೆ ಅಲ್ಲ.

ಅದಕ್ಕೇ ಈ ಡಿಸ್ಕಿಗೆ ನಾನು ಕರೆಂಟೇ ಕೊಡಲಿಲ್ಲ. ಹೆಡ್ ಬದಲಾಯಿಸಬೇಕು. ಅದಕ್ಕೆ ಧೂಳಿಲ್ಲದ ಗಾಳಿ ಬೀಸುವ ಬೆಂಚ್ ಬೇಕು, ಅದು ನನ್ನ ಹತ್ತಿರ ಇಲ್ಲ. ಬೆಂಗಳೂರಿಗೆ ಕಳಿಸಬೇಕು. ಅಲ್ಲಿ ಇದೇ ಮಾಡೆಲ್ಲಿನ, ಆದಷ್ಟು ಇದೇ ಫರ್ಮ್‌ವೇರಿನ (ಡಿಸ್ಕನ್ನು ನಡೆಸುವ ಒಳಗಿನ ಪ್ರೋಗ್ರಾಮು) ಇನ್ನೊಂದು ಒಳ್ಳೆಯ ಡಿಸ್ಕ್ ಹುಡುಕಿ, ಅದರ ಹೆಡ್ಡು ತೆಗೆದು ಇದಕ್ಕೆ ಹಾಕುತ್ತಾರೆ. ಎಲ್ಲ ಹೊಂದಿದರೂ ಒಮ್ಮೊಮ್ಮೆ ಓದುವುದಿಲ್ಲ. "ಗ್ಯಾರಂಟಿ ಇದೆಯಾ ಅಣ್ಣ?" ಅಂದ. ಇಲ್ಲ ಅಂದೆ. ಇದ್ದಿದ್ದನ್ನು ಇದ್ದ ಹಾಗೆ ಹೇಳುವುದು ಒಳ್ಳೆಯದು.

ಇನ್ನೊಂದು ಅನುಮಾನ ಅವನಿಗೆ. "ಬೋರ್ಡ್ ಚೇಂಜ್ ಮಾಡಿದ್ರೆ ಆಗಲ್ವಾ? ಆನ್‌ಲೈನ್‌ನಲ್ಲಿ ಸಿಗತ್ತೆ." ಡಿಸ್ಕಿನ ಕೆಳಗಿರುವ ಸರ್ಕ್ಯೂಟ್ ಬೋರ್ಡಿನ ಮಾತು ಅದು. ಒಂದು ಕಾಲದಲ್ಲಿ ಆಗುತ್ತಿತ್ತು. ಈಗಿನ ಡಿಸ್ಕುಗಳಲ್ಲಿ ಬೋರ್ಡಿನ ಮೇಲಿರುವ ಚಿಪ್ಪಿನಲ್ಲಿ ಅದೇ ಡಿಸ್ಕಿನ ಹೆಡ್ಡುಗಳಿಗೆ ಹೊಂದಿಸಿದ ಅಳತೆಗಳು ಇರುತ್ತವೆ. ಆ ಚಿಪ್ಪನ್ನೂ ಬಿಚ್ಚಿ ಹೊಸ ಬೋರ್ಡಿಗೆ ಬೆಸೆಯಬೇಕು. ಕೆಲವು ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಬೋರ್ಡೇ ಡೇಟಾವನ್ನೆಲ್ಲ ಗೂಢಲಿಪಿ ಮಾಡಿ ಬರೆಯುತ್ತದೆ, ಆ ಬೋರ್ಡಿಲ್ಲದೆ ಅದನ್ನು ಬಿಡಿಸುವುದು ಕಷ್ಟ. ನೀವು ಪಾಸ್‌ವರ್ಡ್ ಇಟ್ಟಿರದಿದ್ದರೂ ಸೈ. ಹಾಗಾಗಿ ಬೋರ್ಡ್ ಎಸೆಯಬೇಡ, ಕವರ್ ಬಿಚ್ಚಬೇಡ ಅಂತ ಹೇಳಿ, ಆ್ಯಂಟಿ ಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಸುತ್ತ ಫೋಮ್ ತುಂಬಿ ಪಾರ್ಸಲ್ ಕಟ್ಟಿದ್ದಾಯಿತು.

ಮಧ್ಯೆ ಒಂದು ಫೋನು. ತೀರ್ಥಹಳ್ಳಿಯಿಂದ ಒಬ್ಬ ಮೇಡಂ. ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಡಿಲೀಟ್ ಮಾಡಿ, ರೀಸೈಕಲ್ ಬಿನ್ನೂ ಖಾಲಿ ಮಾಡಿದ್ದಾರೆ. ತಟ್ಟೆ ಸುತ್ತುವ ಹಾರ್ಡ್ ಡಿಸ್ಕಾ, ಬರೀ ಚಿಪ್ಪುಗಳಿರುವ ಎಸ್‌ಎಸ್‌ಡಿಯಾ ಅಂತ ಕೇಳಿದೆ. ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಮಾಡಿದರೆ ಹೆಸರು ಮಾತ್ರ ಹೋಗುತ್ತದೆ, ಆ ಜಾಗಕ್ಕೆ ಬೇರೆಯದು ಬರುವವರೆಗೂ ಒಳಗಿನದ್ದು ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಈ ಜಾಗ ಇನ್ನು ಬೇಡ ಅಂತ ವಿಂಡೋಸ್ ತಾನೇ ತಿಳಿಸುತ್ತದೆ, ಟ್ರಿಮ್ ಅಂತಾರೆ ಅದಕ್ಕೆ. ಆಮೇಲೆ ಓದಲು ಹೋದರೆ ಸಾಮಾನ್ಯವಾಗಿ ಬರೀ ಸೊನ್ನೆ. ಮೊಬೈಲ್ ಬ್ಯಾಕಪ್ ನೋಡಿ, ಯಾರಿಗಾದರೂ ಮೇಲ್ ಮಾಡಿದ್ದೀರಾ ನೋಡಿ ಅಂದೆ. ಸುಮ್ನೆ ಅಷ್ಟು ದೂರದಿಂದ ಬರಲು ಹೇಳಲಿಲ್ಲ.

ಮಧ್ಯಾಹ್ನದ ಮೇಲೆ ಮನಸ್ಸಿಟ್ಟು ಮಾಡಿದ್ದು ಮೇಷ್ಟ್ರ ಡಿಸ್ಕು.

ಸಾಗರ ಕಡೆಯ ನಿವೃತ್ತ ಕನ್ನಡ ಮೇಷ್ಟ್ರು. ಸರ್ವಿಸಿನಲ್ಲಿ ಇದ್ದಷ್ಟು ಕಾಲ ಹಳ್ಳಿಗಳಲ್ಲಿ ಹಾಡು ಬರೆದುಕೊಂಡವರು. ನಾಟಿ ಪದ, ಸೋಬಾನೆ, ದೀಪಾವಳಿಯಲ್ಲಿ ಮನೆಮನೆಗೆ ದೀಪ ತರುವ ಅಂಟಿಗೆ ಪಂಟಿಗೆಯವರ ಪದಗಳು. ಎಲ್ಲವನ್ನೂ ತಾವೇ ವರ್ಡಿನಲ್ಲಿ ಟೈಪ್ ಮಾಡಿಟ್ಟಿದ್ದರು. ನೋಟ್‌ಪುಸ್ತಕಗಳನ್ನು ಗೆದ್ದಲು ತಿಂದಿತು. ಉಳಿದದ್ದು 40 ಜಿಬಿಯ, ಅಗಲ ಕೇಬಲ್ಲಿನ ಹಳೆಯ ಐಡಿಇ ಡಿಸ್ಕು. ಅದನ್ನೂ ಮಧ್ಯದಲ್ಲಿ ಯಾರೋ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಎಕ್ಸ್‌ಪಿ ಹಾಕಿದ್ದಾರೆ. ಮೇಲಿಂದ ಅಲ್ಲಲ್ಲಿ ಬ್ಯಾಡ್ ಸೆಕ್ಟರ್, ಅಂದರೆ ಓದಲು ಬಾರದ ಕೆಟ್ಟ ಜಾಗಗಳು.

ಇಂಥ ಡಿಸ್ಕಿಗೆ ನಾನು ಬಳಸುವುದು ಜಿಎನ್‌ಯು ಡಿಡಿ-ರೆಸ್ಕ್ಯೂ. ಆಂಟೋನಿಯೋ ಡಿಯಾಜ್ ಡಿಯಾಜ್ ಅನ್ನುವವರು ಬರೆದ ಪುಕ್ಕಟೆ ಪ್ರೋಗ್ರಾಮು. ಇದಕ್ಕೆ ಒಂದು ಜಾಣತನ ಇದೆ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತಾ ಕೂರುವುದಿಲ್ಲ. ಗುರುತು ಹಾಕಿಕೊಂಡು ಮುಂದೆ ಹಾರುತ್ತದೆ. ಸಲೀಸಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ಕರೆಂಟ್ ಹೋದರೂ ಮೊದಲಿಂದ ಶುರು ಮಾಡಬೇಕಿಲ್ಲ. ಮಲೆನಾಡಿನ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಚೆನ್ನಾಗಿರುವ ಡಿಸ್ಕಾಗಿದ್ದರೆ 40 ಜಿಬಿ ಅರ್ಧ ಗಂಟೆಯ ಕೆಲಸ. ಇದು ಈ ವಾರ ಪೂರ್ತಿ ತಿಂದಿದೆ. ಮುಂದಿನಿಂದ ಓದಲು ಒಪ್ಪದ ಕಡೆ ಹಿಂದಿನಿಂದ ಓದಿಸಿದೆ. ಯುಎಸ್‌ಬಿ ಅಡಾಪ್ಟರ್ ಪದೇ ಪದೇ ಹ್ಯಾಂಗ್ ಆಗುತ್ತದೆ ಅಂತ ಹಳೆಯ ಮದರ್‌ಬೋರ್ಡಿಗೇ ಸಿಕ್ಕಿಸಿದ್ದೆ. ಆ ಬೋರ್ಡನ್ನು ಗುಜರಿಗೆ ಹಾಕಿ ಅಂತ ಮನೆಯವಳು ಹೇಳುತ್ತಲೇ ಇರುತ್ತಾಳೆ, ನಾನು ಕೇಳುವುದಿಲ್ಲ.

ಕಾಪಿ ಕೈಗೆ ಬಂದ ಮೇಲೆ ಅಸಲಿ ಡಿಸ್ಕಿನ ತಂಟೆಗೆ ಹೋಗುವುದಿಲ್ಲ. ಮುಂದಿನದ್ದೆಲ್ಲ ಕಾಪಿಯ ಮೇಲೆ. ಫಾರ್ಮ್ಯಾಟ್ ಆಗಿದ್ದರಿಂದ ಹೆಸರುಗಳ ಪಟ್ಟಿಯೇ ಇಲ್ಲ. ಹಾಗಾಗಿ ಹೆಸರಿಲ್ಲದೆಯೂ ಫೈಲು ಹುಡುಕುವ ಫೋಟೋರೆಕ್ ಅನ್ನುವ ಪ್ರೋಗ್ರಾಮು ಓಡಿಸಿದೆ. ಹೆಸರು ಹಾಗಿದ್ದರೂ ಅದು ಡಾಕ್ಯುಮೆಂಟುಗಳನ್ನೂ ಹುಡುಕುತ್ತದೆ. ಹಳೆಯ ವರ್ಡ್ ಫೈಲುಗಳೆಲ್ಲ ಶುರುವಾಗುವುದು ಒಂದೇ ಗುರುತಿನಿಂದ: ಡಿ0, ಸಿಎಫ್, 11, ಇ0. ಈ ಗುರುತು ಕಂಡಲ್ಲಿಂದ ಒಂದು ಫೈಲ್ ಅಂತ ಎತ್ತಿಡುತ್ತದೆ. ಫೈಲು ಡಿಸ್ಕಿನಲ್ಲಿ ಒಂದೇ ಕಡೆ ಸಾಲಾಗಿ ಇದ್ದರೆ ಪೂರ್ತಿ ಬರುತ್ತದೆ, ಚೂರು ಚೂರಾಗಿ ಹರಡಿದ್ದರೆ ಕಷ್ಟ.

ಇದಕ್ಕೆ ದೊಡ್ಡ ಉದಾಹರಣೆ ಕೊಲಂಬಿಯಾ ನೌಕೆಯದ್ದು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಉಳಿದ ಆರು ಜನ ತೀರಿಕೊಂಡರಲ್ಲ, ಆ ನೌಕೆ. ಅವಶೇಷಗಳ ನಡುವೆ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಸುಟ್ಟು, ಆಕಾಶದಿಂದ ಬಿದ್ದು, ತಿಂಗಳುಗಟ್ಟಲೆ ಬಯಲಿನಲ್ಲಿ ಬಿದ್ದಿದ್ದ ಡಿಸ್ಕು. ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯವರು ಅದರಿಂದ ಸುಮಾರು 99% ಡೇಟಾ ತೆಗೆದರು. ಕ್ಸೆನಾನ್ ಅನಿಲದ ಮೇಲೆ ನಡೆದಿದ್ದ ಪ್ರಯೋಗದ ಲೆಕ್ಕಗಳು ಅದರಲ್ಲಿದ್ದವು. 2008ರಲ್ಲಿ ಆ ಪ್ರಯೋಗದ ಪ್ರಬಂಧ ಪ್ರಕಟವಾಯಿತು. ತಟ್ಟೆಗಳು ಬಾಗಿರಲಿಲ್ಲ. ಜೊತೆಗೆ ಹಳೆಯ ಡಾಸ್ ಸಿಸ್ಟಮ್ ಡೇಟಾವನ್ನು ಹರಡದೆ ಒಂದೇ ಕಡೆ ಬರೆದಿತ್ತು. ಮತ್ತೆ, ಬಿದ್ದ ಮೇಲೆ ಅದನ್ನು ಯಾರೂ ಟಿವಿಗೆ ಹಾಕಿ ನೋಡಿರಲಿಲ್ಲ!

ಮೇಷ್ಟ್ರ ಫೈಲುಗಳು ಚಿಕ್ಕವು, ಹಾಗಾಗಿ ಹೆಚ್ಚಿನವು ಸಾಲಾಗೇ ಇದ್ದವು. ಆದರೆ ಹೆಸರಿನ ಬದಲು ಬರೀ ನಂಬರ್ ಇರುವ ಫೈಲುಗಳು ಕಂಡಾಪಟ್ಟೆ ಬಂದವು. ಶಾಲೆಯ ಸುತ್ತೋಲೆ, ಪ್ರಶ್ನೆಪತ್ರಿಕೆ, ಯಾರದೋ ಮದುವೆ ಕರೆಯೋಲೆ, ಎಲ್ಲದರ ನಡುವೆ ಹಾಡುಗಳು. ಹುಡುಕೋಣ ಅಂದರೆ ಕನ್ನಡದಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಆ ಕಾಲದ ನುಡಿ 01 ಇ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆ ಸಂಖ್ಯೆ ಕೊಡುವ ಈಗಿನ ಪದ್ಧತಿ) ಅಲ್ಲ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳು. ಅಂಟಿಗೆ ಅನ್ನುವುದು ಡಿಸ್ಕಿನಲ್ಲಿ ದೊಡ್ಡ ಸಿ, ದೊಡ್ಡ ಎ, ಸಣ್ಣ ಎನ್, ದೊಡ್ಡ ಯು, ಆಮೇಲೆ ತಲೆ ಮೇಲೆ ಗೀಟು ಇರುವ ಇ. ಹೀಗೇ ಬರೆದು ಹುಡುಕಬೇಕು. ವರ್ಡ್ ಕೆಲವು ಸಲ ಅಕ್ಷರಕ್ಕೆ ಒಂದು ಬೈಟ್, ಕೆಲವು ಸಲ ಎರಡು ಬೈಟ್ ಇಡುತ್ತದೆ, ಅದಕ್ಕೇ ಎರಡೂ ರೀತಿಯಲ್ಲಿ ಹುಡುಕಿದೆ. ದೊಡ್ಡ ದೊಡ್ಡ ರಿಕವರಿ ಸಾಫ್ಟ್‌ವೇರ್ ಮಾರುವವರು ಯಾರೂ ಇದನ್ನು ಹೇಳಿಕೊಡುವುದಿಲ್ಲ. ನಮ್ಮ ಕಡೆಯ ಹಳೆಯ ಡಿಟಿಪಿ ಹುಡುಗರಿಗೆ ಮಾತ್ರ ಬಾಯಿಪಾಠ.

ಹಾಡುಗಳು ಸಿಕ್ಕವು. ಒಂದೇ ಹಾಡಿಗೆ ಹಲವು ಫೈಲು. ಯಾವುದು ಕೊನೆಯದು? ತಾರೀಕು ನೋಡೋಣ ಅಂದರೆ, ಕೊನೆಯ ಸಲ ಸೇವ್ ಮಾಡಿದ ಸಮಯ ವರ್ಡ್ ಫೈಲಿನ ಒಳಗೇ ಇರುತ್ತದೆ ನಿಜ. ಆದರೆ ಮೇಷ್ಟ್ರ ಕಂಪ್ಯೂಟರಿನಲ್ಲಿ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತಿತ್ತೇನೋ, ರಾಶಿ ಫೈಲುಗಳಿಗೆ ಒಂದೇ ಜನವರಿ 1. ಎಷ್ಟು ಸಲ ಸೇವ್ ಆಗಿದೆ ಅನ್ನುವ ಲೆಕ್ಕವೂ ಫೈಲಿನಲ್ಲಿ ಇರುತ್ತದೆ. ಅದನ್ನೇ ಹಿಡಿದು, ಜಾಸ್ತಿ ಸಲ ಸೇವ್ ಆದದ್ದನ್ನು ಮೇಲೆ ಇಟ್ಟು, ಉಳಿದದ್ದನ್ನು ಹಳೆಯದು ಅಂತ ಬೇರೆ ಫೋಲ್ಡರಿಗೆ ಹಾಕಿ, ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಎರಡು ಫೈಲುಗಳ ಮೊದಲ ಸಾಲುಗಳನ್ನು ಓದಿ ಹೇಳಿದೆ.

"ಮೇಷ್ಟ್ರೇ, ಇದರಲ್ಲಿ ತಿದ್ದಿದ್ದು ಯಾವುದು, ಹಳೇದು ಯಾವುದು?"

"ಎರಡೂ ತಿದ್ದಿದ್ದಲ್ಲ ಮಾರಾಯ. ಒಂದು ಹೊಸನಗರದ ಕಡೆಯವರು ಹಾಡಿದ್ದು, ಇನ್ನೊಂದು ನಮ್ಮ ಊರವರದ್ದು. ಧಾಟಿ ಒಂದೇ, ಸಾಲು ಬೇರೆ. ನೀನು ಹಳೇದು ಅಂತ ಯಾವುದನ್ನೂ ತೆಗೆದು ಹಾಕಬೇಡ, ಆಯ್ತಾ?"

ಸರಿ, ನಾಳೆ ಆ ಎರಡು ಫೋಲ್ಡರುಗಳನ್ನು ಮತ್ತೆ ಒಂದು ಮಾಡಬೇಕು. ಕಾಗುಣಿತದ ವ್ಯತ್ಯಾಸ ಕೂಡ ಇಲ್ಲದ ಜೋಡಿಗಳನ್ನು ಮಾತ್ರ ತೆಗೆದು, ಉಳಿದದ್ದನ್ನೆಲ್ಲ ಯೂನಿಕೋಡಿಗೆ ಬದಲಾಯಿಸಿ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ. ಫೈಲಿಗೆ ಹೆಸರಿಡುವ ಕೆಲಸ ಮೇಷ್ಟ್ರದ್ದೇ. ಭಾನುವಾರ ಮೊಮ್ಮಗನ ಜೊತೆ ಬರುತ್ತಾರಂತೆ.