ಸಾಗರದ ಕಡೆ ಪಿನ್‌ಬಾಲ್ ಆಡೋಕೆ ಹೊರಟವರಿಗೆ

ಸಾಗರ–ಜೋಗ ರಸ್ತೆಯಿಂದ ಒಳಗೆ ತೋಟದ ನಡುವಿನ ಹೋಂಸ್ಟೇಯಲ್ಲಿ ಹಳೇ ಪಿನ್‌ಬಾಲ್ (ಇಳಿಜಾರು ಹಲಗೆಯ ಮೇಲೆ ಗುಂಡು ಚಿಮ್ಮಿಸಿ ಪಾಯಿಂಟ್ ಗಳಿಸುವ ಯಂತ್ರ) ಇದೆ ಅಂತ ಕೇಳಿ ಹೊರಡುವವರು ಮೊದಲೇ ಫೋನ್ ಮಾಡಿ ವಿಚಾರಿಸಿ: ಎರಡೂ ಫ್ಲಿಪ್ಪರ್, ಅಂದರೆ ಬಟನ್ ಒತ್ತಿದರೆ ಗುಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ಕೈಗಳು, ಏಳ್ತವಾ? ‘ಗೇಮ್ ರೂಮ್ ಇದೆ ಸಾರ್’ ಅನ್ನೋ ಉತ್ತರ ನಂಬಬೇಡಿ. ನಮಗೂ ಅದನ್ನೇ ಹೇಳಿದ್ದರು. ರೂಮಿಗೆ ನಾಲ್ಕೂವರೆ ಸಾವಿರ, ಆಟಕ್ಕೆ ತಲೆಗೆ ಇನ್ನೂರು ಬೇರೆ. ಗೋಡೆಯೆಲ್ಲ ಶೀತ, ಹಾಸಿಗೆಯಲ್ಲಿ ಬೂಷ್ಟಿನ ವಾಸನೆ. ಇದ್ದ ಎರಡು ಯಂತ್ರಗಳಲ್ಲಿ ಒಂದಕ್ಕೆ ಬೆಡ್‌ಶೀಟ್ ಹೊದಿಸಿಟ್ಟಿದ್ದರು. ಅದು ಕೆಟ್ಟು ಯಾವ ಕಾಲವಾಯಿತೋ!

ಮಳೆಗಾಲದಲ್ಲಂತೂ ಬೇಡ. ಜೋಗಕ್ಕೆ ಅದು ಸುಗ್ಗಿ, ಪಿನ್‌ಬಾಲಿಗೆ ಶನಿಕಾಟ. ಈ ಹಳೇ ಯಂತ್ರಗಳಲ್ಲಿ ಎಲೆಕ್ಟ್ರಾನಿಕ್ ಚಿಪ್ಪು ಗಿಪ್ಪು ಇಲ್ಲ, ಬರೀ ರಿಲೇ, ಕಾಯಿಲ್, ಸ್ವಿಚ್ಚು. ತೇವಕ್ಕೆ ಸ್ವಿಚ್ಚಿನ ತುದಿ ಕಿಲುಬು ಹಿಡಿದರೆ ಗುಂಡು ಅಲ್ಲಿ ತಾಗಿದರೂ ಪಾಯಿಂಟ್ ಬೀಳಲ್ಲ.

ಇಷ್ಟಾದರೂ ದುಡ್ಡು ವಸೂಲಾಗಿದ್ದು ನಮ್ಮಪ್ಪನಿಂದ. ಮೊಬೈಲ್ ಗೇಮ್ ಕಂಡರೆ ಮುಖ ಸಿಂಡರಿಸುವ ಮನುಷ್ಯ ರಾತ್ರಿ ಊಟಕ್ಕೆ ಕರೆದರೂ ಪಿನ್‌ಬಾಲ್ ಬಿಟ್ಟು ಕದಲಲಿಲ್ಲ. ಚಿಕ್ಕವರಿದ್ದಾಗ ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಚಿಮ್ಮಿಸಿ ಆಡಿದವರು. ಆ ಥರದ ಆಟಕ್ಕೆ ಬ್ಯಾಗಟೆಲ್ ಅಂತಾರೆ, ಪಿನ್‌ಬಾಲೂ ಅದರ ವಂಶದ್ದೇ. ಫ್ಲಿಪ್ಪರ್ ಸೇರಿಕೊಂಡಿದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಿಂದ. ಅದಕ್ಕೂ ಮುಂಚೆ ಗುಂಡು ಬಿಟ್ಟ ಮೇಲೆ ಹೆಚ್ಚಿನದೆಲ್ಲ ಹಣೆಬರಹ. ನ್ಯೂಯಾರ್ಕಿನಲ್ಲಿ ಇದನ್ನು ಜೂಜೆಂದು 1942ರಲ್ಲಿ ನಿಷೇಧಿಸಿ, 1976ರಲ್ಲಷ್ಟೇ ಬಿಟ್ಟುಕೊಟ್ಟರು. ಅಪ್ಪನಿಗೆ ಪ್ಲಂಜರ್ (ಗುಂಡು ಚಿಮ್ಮಿಸುವ ಸ್ಪ್ರಿಂಗ್ ಹಿಡಿಕೆ) ಎಷ್ಟು ಎಳೆಯಬೇಕು ಅನ್ನೋದು ಕೈಗೇ ಗೊತ್ತು, ಫ್ಲಿಪ್ಪರ್ ಮಾತ್ರ ಒಗ್ಗಲಿಲ್ಲ. ಮಗಳದ್ದು ತದ್ವಿರುದ್ಧ: ಬೆರಳು ಚುರುಕು, ಆದರೆ ಎರಡೂ ಬಟನ್ ಒಟ್ಟಿಗೇ ಟಪಟಪ ಒತ್ತಿ ನಡುವಿನ ಸಂದಿಯಲ್ಲಿ ಗುಂಡು ಕಳೆಯುತ್ತಿದ್ದಳು. ಕೊನೆಗೆ ‘ಅಜ್ಜಾ, ನೀ ಗುಂಡು ಬಿಡು, ನಾ ಹೊಡೀತೀನಿ’ ಅಂತ ರಾಜಿಯಾಯಿತು. ಯಂತ್ರವನ್ನು ಮೆಲ್ಲಗೆ ತಳ್ಳಬಹುದು, ಅದೂ ಆಟವೇ. ಜೋರಾಗಿ ಅಲುಗಿಸಿದರೆ ಒಳಗೆ ನೇತಾಡುವ ತೂಕ ಸುತ್ತಲಿನ ಬಳೆಗೆ ತಾಗಿ ‘ಟಿಲ್ಟ್’ ಆಗುತ್ತೆ, ಆ ಗುಂಡು ಹೋದಂತೆಯೇ.

ಜೋಗದ ಬಗ್ಗೆ ಕೇಳಬೇಡಿ. ಭಾನುವಾರದ ಜನ ನೋಡಿ ಕಾರು ತಿರುಗಿಸಿದೆವು.

ಊಟವನ್ನು ಹೋಂಸ್ಟೇಯಲ್ಲಿ ಮಾಡಬೇಡಿ. ತಾಳಗುಪ್ಪದ ಕಡೆ ಬಂದರೆ ಹಂಚಿನ ಮಾಡಿನ ಒಂದು ಪುಟ್ಟ ಹೋಟೆಲ್ ಸಿಗುತ್ತೆ, ಬೋರ್ಡೂ ಇಲ್ಲ. ಎಂಬತ್ತು ರೂಪಾಯಿಗೆ ಅನ್ನ, ಒಂದೆಲಗದ ತಂಬುಳಿ, ಹುರುಳಿ ಸಾರು, ಹಲಸಿನ ಹಪ್ಪಳ, ಜೊತೆಗೆ ಲೋಟದ ತುಂಬ ಅಪ್ಪೆಹುಳಿ. ಕೇಳಿದಷ್ಟು ಬಡಿಸ್ತಾರೆ, ಬೇಡ ಅಂದರೆ ಹೋಟೆಲಿನ ಅಮ್ಮ ಬೇಜಾರು ಮಾಡ್ಕೋತಾರೆ. ಎರಡು ಗಂಟೆಯೊಳಗೆ ಹೋಗಿ, ಆಮೇಲೆ ತಂಬುಳಿ ಉಳಿಯಲ್ಲ.